ಎರಡು ಬಾಗಿಲು ಆಚೆ

ಮೂರನೇ ವಾರವೂ ಸೊಸೆ ಆಸ್ಪತ್ರೆಯಿಂದ ಮೋರೆ ಸಪ್ಪೆ ಮಾಡಿಕೊಂಡು ಬಂದಳು. ಹೆರಿಗೆ ವಿಭಾಗದ ದೊಡ್ಡ ಡಾಕ್ಟರ ಚೀಟಿಯಲ್ಲಿ ಅದೇ ಮಾತು: ಮತ್ತೆ ಸ್ಕ್ಯಾನ್ ಮಾಡಿಸಿ, ಮುಂದಿನ ವಾರ ಬನ್ನಿ.

ಸೊಸೆ ಬಟ್ಟೆ ಹೊಲಿಯುವವಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಕವಾಟ ಕೆಟ್ಟಿದೆ, ಇನ್ನೊಂದು ಬಸಿರು ಜೀವಕ್ಕೇ ಅಪಾಯ ಎಂದು ಹೃದಯದ ಡಾಕ್ಟರು ಬರೆದುಕೊಟ್ಟಿದ್ದರು. ಎಷ್ಟು ಎಚ್ಚರವಿದ್ದರೂ ಬಸಿರು ನಿಂತಿತ್ತು. ತೆಗೆಸುವುದೆಂದು ಗಂಡ ಹೆಂಡತಿ ಅತ್ತು ಕರೆದು ತೀರ್ಮಾನಿಸಿದ್ದರು.

"ದೊಡ್ಡ ಡಾಕ್ಟ್ರು ಕಣೇ, ಯೋಚನೆ ಮಾಡೇ ಹೇಳಿರ್ತಾರೆ," ಎಂದರು ಅತ್ತೆ. ಬಿಳಿ ಕೋಟು ಹೇಳಿದ್ದೆಲ್ಲ ಅವರಿಗೆ ವೇದವಾಕ್ಯ.

ಪಕ್ಕದ ಮನೆಯ ನರ್ಸಮ್ಮ ಚೀಟಿ ನೋಡಿದವಳೇ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಮ್ಮಾ, ಇವ್ರು ಗರ್ಭ ತೆಗೆಯೋದೇ ಇಲ್ಲ! ಇವರ ಮನಸ್ಸು ಒಪ್ಪಲ್ವಂತೆ."

"ಹಾಗಾದ್ರೆ ಮೂರು ಸಲ ಸ್ಕ್ಯಾನ್ ಯಾಕೆ?" ಎಂದರು ಅತ್ತೆ.

"ದಿನ ತಳ್ಳೋಕೆ! ಮಾಡಲ್ಲ ಅನ್ನೋದು ಅವರಿಷ್ಟ ಅಂತಾನೇ ಇಟ್ಕೊಳ್ಳಿ. ಅದನ್ನ ಮುಚ್ಚಿಡೋ ಹಕ್ಕು ಯಾರು ಕೊಟ್ರು? ಮೊದಲ್ನೇ ದಿನವೇ ಹೇಳಿ, ಮಾಡೋರ ಹತ್ರ ಕಳಿಸ್ಬೇಕು. ಜೀವ ಹೋಗೋ ಹೊತ್ತಲ್ಲಂತೂ ಕೈ ಕಟ್ಕೊಂಡು ಕೂರೋ ಹಾಗೇ ಇಲ್ಲ."

"ಮಾಡೋರು ಎಲ್ಲಿದ್ದಾರಮ್ಮಾ?"

"ಅದೇ ಆಸ್ಪತ್ರೇಲಿ. ಎರಡು ಬಾಗಿಲು ಆಚೆ ಡಾಕ್ಟರಮ್ಮ ಕೂತಿರ್ತಾರೆ."

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಎರಡು ಬಾಗಿಲು ದಾಟಲು ಮೂರು ವಾರ! ಮರುದಿನ ಸೊಸೆಯನ್ನು ಡಾಕ್ಟರಮ್ಮನ ಕೋಣೆಯಲ್ಲಿ ಕೂರಿಸಿ, ತಾವು ದೊಡ್ಡ ಡಾಕ್ಟರ ಮೇಜಿನ ಮುಂದೆ ನಿಂತರು.

"ನಾನು ಆಗಲ್ಲ ಅಂತ ಅಂದೇ ಇಲ್ಲವಲ್ಲಮ್ಮಾ," ಎಂದರು ಡಾಕ್ಟರು, ಕನ್ನಡಕ ಒರೆಸುತ್ತ.

"ಅದೇ ನೀವು ಮಾಡಿದ ಅನ್ಯಾಯ! ಅಂದಿದ್ರೆ ಅವತ್ತೇ ಬೇರೆಯವರನ್ನ ನೋಡ್ತಿದ್ವಿ. ನಿಮ್ಮ ಮನಸ್ಸು ಹಗುರವಾಗಿರ್ಲಿ ಅಂತ ನನ್ನ ಸೊಸೆ ಎದೆ ಮೇಲೆ ಕಲ್ಲು ಹೇರಿದ್ರಲ್ಲ!"

ಹೇಳಿದವರೇ ಅತ್ತೆ ಎರಡು ಬಾಗಿಲು ದಾಟಿ ಸೊಸೆಯ ಬಳಿಗೆ ನಡೆದರು.

ಡಾಕ್ಟರಮ್ಮ ಅಂದೇ ಸೇರಿಸಿಕೊಂಡರು. "ಮೊದಲ್ನೇ ವಾರವೇ ಬಂದಿದ್ರೆ ಮಾತ್ರೆಯಲ್ಲೇ ಮುಗೀತಿತ್ತು. ಈಗ ಅರಿವಳಿಕೆ ಕೊಡ್ಬೇಕು. ಈ ಹೃದಯಕ್ಕೆ ಅದು ಸಣ್ಣ ಮಾತಲ್ಲ," ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಗರ್ಭ ತೆಗೆದ ಮೇಲೆ ಸೊಸೆ ನಾಲ್ಕು ದಿನ ಐಸಿಯುವಿನಲ್ಲಿದ್ದು, ಬದುಕಿ ಮನೆಗೆ ಬಂದಳು. ಆ ನಾಲ್ಕು ದಿನ ಅವಳ ಪಾಲಿಗೆ ಬರಲೇಬೇಕಾಗಿರಲಿಲ್ಲ.

ಅಕ್ಕತಂಗಿಯರೇ, ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಕೇಳಿ: ನೀವು ಮಾಡುತ್ತೀರಾ, ಇಲ್ಲವಾ? ಇಲ್ಲವಾದರೆ ಯಾರು ಮಾಡುತ್ತಾರೆ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನುಣುಚಿಕೊಂಡರೆ ಆಸ್ಪತ್ರೆಯ ಮೇಲಿನವರಿಗೆ ದೂರು ಕೊಡಿ.

ಡಾಕ್ಟರೇ, ನೀವೂ ಇದನ್ನು ಓದುತ್ತಿದ್ದರೆ ಕೇಳಿ. ನಿಮಗಾಗದಿದ್ದರೆ ಆಗದು ಎನ್ನಿ. ಆದರೆ ಅಂದೇ ಅನ್ನಿ, ದಾರಿ ತೋರಿಸಿ ಅನ್ನಿ.