ಮಸಿ ಬಳಿದ ಗೋದಾಮು

ಉಣ್ಣೆ ಗಿರಣಿಗಳ ಹೊಗೆ ಸದಾ ಕವಿದಿರುತ್ತಿದ್ದ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಮೂರು ತಲೆಮಾರಿನಿಂದ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಮನೆತನ ಥ್ಯಾಕ್ರೆಯವರದು. ಆ ಮನೆಯ ಮಗ ಎಡ್ವಿನ್ ಎರಡು ತಿಂಗಳು ಕೂತು, ಉಣ್ಣೆ ವ್ಯಾಪಾರಿ ಸಟ್‌ಕ್ಲಿಫ್ ಅವರ ಹೊಸ ಗೋದಾಮಿನ ಮಾದರಿಯನ್ನು ಬಿಳಿ ಗಾರೆಯಲ್ಲಿ ಮಾಡಿದ್ದ. ಮುಂಗೋಡೆಯ ತುಂಬಾ ಗುಲಾಬಿ ಬಳ್ಳಿ. ಒಂದೊಂದು ಎಸಳನ್ನೂ ಎಣಿಸಬಹುದಿತ್ತು.

ಅಪ್ಪ ಸೈಲಸ್ ಅದನ್ನು ಸುತ್ತಿ ಸುತ್ತಿ ನೋಡಿದರು. ಆಮೇಲೆ ಒಲೆಯಿಂದ ಒಂದು ಹಿಡಿ ಮಸಿ ತಂದು ಮಾದರಿಗೆಲ್ಲ ಬಳಿದುಬಿಟ್ಟರು.

"ಅಪ್ಪಾ! ತಲೆ ಕೆಟ್ಟಿದೆಯಾ ನಿಮಗೆ?"

"ಕೂಗಾಡಬೇಡ. ನಮ್ಮೂರ ಹೊಗೆ ಹತ್ತು ವರ್ಷದಲ್ಲಿ ಮಾಡೋದನ್ನ ನಾನು ಈಗಲೇ ಮಾಡಿದೀನಿ. ಎಲ್ಲಿ, ನಿನ್ನ ಗುಲಾಬಿ ತೋರಿಸು ನೋಡೋಣ."

ಎಡ್ವಿನ್ ಬಗ್ಗಿ ನೋಡಿದ. ಹೂವೂ ಇಲ್ಲ, ಬಳ್ಳಿಯೂ ಇಲ್ಲ, ಬರೀ ಕರಿ ಗೋಡೆ. ಅಪ್ಪ ಕಿಟಕಿಯತ್ತ ಕೈ ತೋರಿದರು. ಎದುರಿಗಿದ್ದದ್ದು ತಾತ ನಕ್ಷೆ ಬರೆದ ಗಿರಣಿ. ಒರಟು ಕೆಲಸವೆಂದು ಎಡ್ವಿನ್ ಸದಾ ಮೂಗು ಮುರಿಯುತ್ತಿದ್ದ. ನಲವತ್ತು ವರ್ಷದ ಹೊಗೆ ಕುಡಿದು ಇದ್ದಿಲಿನಂತಾಗಿದ್ದರೂ, ಗೇಣು ಆಳ ಕೊರೆದ ಅದರ ಕಮಾನುಗಳ ನೆರಳು ಬೀದಿಯ ಕೊನೆಯವರೆಗೂ ಎದ್ದು ಕಾಣುತ್ತಿತ್ತು. ಹೊಗೆ ಹಿಡಿದರೂ ಕಾಣಲೆಂದೇ ತಾತ ಅಷ್ಟು ಆಳ ಕೊರೆಸಿದ್ದ!

ತಿಂಗಳ ನಂತರ ವ್ಯಾಪಾರಿ ಬಂದರು. ಹೊಸ ಮಾದರಿಯಲ್ಲಿ ಆಳವಾದ ಕಮಾನುಗಳಿದ್ದವು, ದಪ್ಪ ಕೊಂಬಿನ ಟಗರಿನ ತಲೆಗಳಿದ್ದವು. ಎಲ್ಲವೂ ಕಪ್ಪೋ ಕಪ್ಪು.

"ಏನ್ರೀ ಇದು, ಕಟ್ಟೋ ಮುಂಚೆನೇ ನನ್ನ ಗೋದಾಮಿಗೆ ಬೆಂಕಿ ಬಿತ್ತಾ?"

ಅಪ್ಪ ಬಾಯಿ ತೆರೆಯುವ ಮೊದಲೇ, ಕೈಯ ಮಸಿ ಒರೆಸಿಕೊಳ್ಳುತ್ತಾ ಎಡ್ವಿನ್ ಹೇಳಿದ: "ಇಲ್ಲ ಸಾಹೇಬರೇ. ನಿಮ್ಮ ಮೊಮ್ಮಕ್ಕಳು ನೋಡೋ ಗೋದಾಮು ಇದು."