ಆರು ಎಣಿಸುವಷ್ಟು ಹೊತ್ತು

ಬೆಚ್ಚಗಿರುವ ಗಾಡಿಯ ರೋಗವನ್ನು ನಮ್ಮ ಬೀದಿಯ ಕಾರು ಮೇಸ್ತ್ರಿ ನೋಡುತ್ತಿರಲಿಲ್ಲ. ಷೆಡ್ಡಿನ ಮುಂದೆ ಯಾವ ಕಾರು ಬಂದು ನಿಂತರೂ, ಬಲಗಾಲನ್ನು ತುಸು ಹೊರಕ್ಕೆ ಎಸೆಯುವ ತಮ್ಮ ನಿಧಾನದ ನಡಿಗೆಯಲ್ಲಿ ಬಂದು, ಮಾಲೀಕರ ದೂರಿಗೆ ಕಿವಿಗೊಡುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ತಾಯಿಯಂತೆ ಕ್ಷಣಕಾಲ ನಿಂತು, "ನಾಳೆ ಬನ್ನಿ" ಎನ್ನುತ್ತಿದ್ದರು. ಬೀದಿಯವರ ಬಾಯಲ್ಲಿ ಅದೇ ಅವರ ಹೆಸರಾಗಿ ಹೋಯಿತು. ನಾಳೆಬನ್ನಿ ಮೇಸ್ತ್ರಿ ಎಂದು ಕರೆದರೆ ಯಾವ ಬೇಸರವೂ ಇಲ್ಲದೆ ಓಗೊಡುತ್ತಿದ್ದರು.

ಒಂದೊಂದು ಗುಂಡಿಯೂ ಒಂದೊಂದು ಬಣ್ಣದ ಅವರ ನೀಲಿ ಕೋಟಿನ ಮೇಲೆ ಮಸಿಯಾಗದ ಜಾಗವೇ ಇರಲಿಲ್ಲ; ಆದರೆ ಅದರ ಎದೆಜೇಬಿನಲ್ಲಿ ಶುಭ್ರವಾದ ಬಿಳಿಯ ವಸ್ತ್ರವೊಂದು ಸದಾ ಮಡಿಯಾಗಿರುತ್ತಿತ್ತು. ಗೇರ್‌ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿಯನ್ನು ಒರೆಸಿ, ಅದರ ಬಣ್ಣ ಕೆಂಪೋ ಕಪ್ಪೋ ಎಂದು ನೋಡುವುದಕ್ಕಲ್ಲದೆ ಬೇರಾವುದಕ್ಕೂ ಅದು ಹೊರಬರುತ್ತಿರಲಿಲ್ಲ. "ಕಟ್ಟಿಕೊಂಡ ನನಗಿಲ್ಲದ ಮರ್ಯಾದೆ ಆ ಬಟ್ಟೆಗೆ" ಎಂದು ಅವರ ಹೆಂಡತಿ ಅದನ್ನು ಬೇರೆಯಾಗಿ ಒಗೆಯುತ್ತಲೇ ಗೊಣಗುತ್ತಿದ್ದರು.

ಅವರ ಹಠದ ಪೂರ್ಣಸ್ವರೂಪ ನನಗೆ ಕಂಡದ್ದು ನಮ್ಮ ಕೆಳಮನೆಯ ಗಣಿತದ ಟೀಚರ ಕಾರಿನ ಪ್ರಸಂಗದಲ್ಲಿ. ಬಾಲ್ಯದಿಂದಲೇ ಎಡಗಾಲು ಸೊರಗಿದ್ದ ಆಕೆಗೆ ಕ್ಲಚ್ ತುಳಿಯುವ ಗಾಡಿ ಆಗದು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಇಪ್ಪತ್ತೆರಡು ವರ್ಷದ ಆ ಆಟೊಮ್ಯಾಟಿಕ್ ಕಾರು ಹೋದರೆ ದೂರದ ಶಾಲೆಯ ಕೆಲಸವೂ ಹೋದಂತೆಯೇ. ಆ ಕಾರು ಈಚೆಗೆ ಬೆಳಿಗ್ಗೆ ಗೇರಿಗೆ ಹಾಕಿದರೂ ಕದಲದೆ ನಿಂತು, ಆಮೇಲೆ ಧಡಕ್ಕನೆ ಮುಂದಕ್ಕೆ ಹಾರುತ್ತಿತ್ತು. ದೊಡ್ಡ ಗ್ಯಾರೇಜಿನವರು ಆಯಿಲ್ ಸಾಕಷ್ಟಿದೆ, ಗೇರ್‌ಬಾಕ್ಸೇ ಸತ್ತಿದೆ, ಗುಜರಿಗೆ ಕೊಡಿ ಎಂದು ಕೈತೊಳೆದುಕೊಂಡಿದ್ದರು. ಶಾಲೆಯಲ್ಲಿ ಆಕೆಗೆ ಒಂದು ವಾರದ ರಜೆ ಸಿಕ್ಕಿತ್ತು, ಅದರ ಮೇಲೆ ಒಂದು ದಿನವೂ ಇಲ್ಲ.

"ಬಿಸಿ ಗಾಡಿ ಸುಳ್ಳು ಹೇಳುತ್ತೆ ಟೀಚರಮ್ಮ. ಇಲ್ಲೇ ಬಿಟ್ಟು ಹೋಗಿ" ಎಂದರು ಮೇಸ್ತ್ರಿ.

ಮರುದಿನ ಟೀಚರ ಅಣ್ಣ, ಪಾಪ, ತಂಗಿಯ ಮೇಲಿನ ಅಕ್ಕರೆಯಿಂದ, ಎಲ್ಲರಿಗಿಂತ ಮುಂಚೆ ಷೆಡ್ಡಿಗೆ ಬಂದು, ಇನ್ನೊಂದು ಕೀಲಿಯಿಂದ ಎಂಜಿನ್ ಚಾಲೂ ಮಾಡಿ, "ನಿಮಗೆ ಅನುಕೂಲ ಆಗ್ಲಿ ಅಂತ ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟಿದೀನಿ" ಎಂದ. ಮೇಸ್ತ್ರಿ ಅಂಗೈ ಇಟ್ಟು ನೋಡಿದರು. ಒಂದು ದಿನ ಹಾಳಾಯಿತು, ಕೀಲಿ ಅವರ ಕೋಟಿನ ಜೇಬು ಸೇರಿತು.

ಮಾರನೆಯ ಬೆಳಿಗ್ಗೆ ಮುಂದಕ್ಕೆ ಓಡುವ ಗೇರಿಗೆ ಹಾಕಿ, ಕಣ್ಣುಮುಚ್ಚಿ ತುಟಿಯಲ್ಲೇ ಎಣಿಸಿದರು. ಆರಕ್ಕೆ ಕಾರು ಹಾರಿತು. ಹಿಂದಕ್ಕೆ ಓಡುವ ಗೇರನ್ನೂ ಈಗಲೇ ನೋಡಬಾರದೇ ಎಂದು ಟೀಚರು ಅಂಗಲಾಚಿದರು. "ರಾತ್ರಿ ತಳಕ್ಕಿಳಿದ ಆಯಿಲ್ ಒಂದ್ಸಲ ಮೇಲೇರಿದ್ರೆ ಮುಗೀತು. ಒಂದು ಬೆಳಿಗ್ಗೆಗೆ ಒಂದೇ ಪ್ರಶ್ನೆ." ಮತ್ತೊಂದು ದಿನ ಕಳೆದು ಹಿಂದಿನ ಗೇರಿಗೂ ಅದೇ ಆರು ಬಂದಾಗ ಅವರ ಮುಖ ಅರಳಿತು. ಗೇರ್‌ಬಾಕ್ಸಿನ ಒಳಗೇ ಇರುವ ಕ್ಲಚ್ ಬಿಲ್ಲೆಗಳು ಸವೆದಿದ್ದರೆ ಸಾಮಾನ್ಯವಾಗಿ ತಡವಾಗುವುದು ಒಂದು ಗೇರಿನ ಕಡೆ ಮಾತ್ರ. ಎರಡೂ ಕಡೆ ಸಮನಾಗಿ ತಡವೆಂದರೆ ಆಯಿಲ್ ಹರಿದುಬರುವ ದಾರಿಯಲ್ಲೇ ಏನೋ ತೊಡಕಿದೆ. ಆಯಿಲಿನ ಮಟ್ಟ ಮಾತ್ರ ಬಿಸಿ ಗಾಡಿಯಲ್ಲೇ ನಿಜ ಹೇಳುವುದರಿಂದ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ಎತ್ತಿ ಬಿಳಿಯ ವಸ್ತ್ರಕ್ಕೆ ಒರೆಸಿ ನೋಡಿದರೆ, ಆಯಿಲ್ ಗುರುತಿಗಿಂತ ಬಹಳ ಕೆಳಗಿತ್ತು. ದೊಡ್ಡ ಗ್ಯಾರೇಜಿನವರು ನಿಂತ ಎಂಜಿನ್ನಿನಲ್ಲಿ, ಆಯಿಲೆಲ್ಲ ತಳಕ್ಕೆ ಇಳಿದುಬಂದ ಮೇಲೆ ಅಳೆದು ಮೋಸಹೋಗಿದ್ದರು. ಸೋರುತ್ತಿದ್ದ ಕೊಳವೆಯ ಸಂದನ್ನು ಬಿಗಿಮಾಡಿ, ಮೇಸ್ತ್ರಿ ಗುರುತಿನವರೆಗೆ ತುಂಬಿಸಿದರು.

ಐದನೆಯ ಬೆಳಿಗ್ಗೆ ಎಣಿಕೆ ನಾಲ್ಕಕ್ಕಿಳಿಯಿತು. ರಜೆಯೂ ತಳ ಕಂಡಿತ್ತು. "ನಾಲ್ಕಾದ್ರೂ ಸಾಕು ಮೇಸ್ತ್ರಿ, ಕೊಟ್ಬಿಡಿ" ಎಂದರು ಟೀಚರು.

"ಭಾಗಾಕಾರದಲ್ಲಿ ಶೇಷ ಉಳಿಯಬಾರದ ಕಡೆ ಉಳಿದ್ರೆ ನೀವು ಪಾಸು ಮಾಡ್ತೀರಾ?"

ಮೇಸ್ತ್ರಿ ಕಾರಿನಡಿಗೆ ಸರಿದು ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿದರು. ಒಳಗೆ ಪುಡಿಲೋಹವಿಲ್ಲ, ಸುಟ್ಟ ವಾಸನೆಯಿಲ್ಲ. ಫಿಲ್ಟರಿನ ಕುತ್ತಿಗೆಯ ರಬ್ಬರ್ ಉಂಗುರ ಮಾತ್ರ ವಯಸ್ಸಾಗಿ ಕಲ್ಲಾಗಿತ್ತು. ಅದರ ಸಂದಿನಿಂದ ಪಂಪು ಆಯಿಲಿನ ಜೊತೆಗೆ ಗಾಳಿಯನ್ನೂ ಕುಡಿಯುತ್ತಿತ್ತು. ಹೊಸ ಫಿಲ್ಟರನ್ನೂ ಉಂಗುರವನ್ನೂ ಎರಡು ದಿನ ಊರೆಲ್ಲ ಹುಡುಕಿ ತಂದು ಬದಲಿಸಿ, ಹೊಸ ಆಯಿಲ್ ತುಂಬಿ, ಕಾರನ್ನು ಮತ್ತೆ ತಣ್ಣಗಾಗಲು ಬಿಟ್ಟು ಕೈತೊಳೆದರು.

ರಜೆ ಮುಗಿದ ಮರುಬೆಳಿಗ್ಗೆ ಗೇರಿಗೆ ಹಾಕಿದವರು ಟೀಚರೇ. ಮೇಸ್ತ್ರಿಯ ತುಟಿ ಒಂದು ಎನ್ನುವಷ್ಟರಲ್ಲಿ ಕಾರು ಮೆಲ್ಲಗೆ ಮುಂದೆ ಸರಿಯಿತು. ಆಕೆಯ ಕಣ್ಣಲ್ಲಿ ನೀರಾಡಿತು, ಕಿಟಕಿಯಿಂದಲೇ ಕೇಳಿದರು: "ಇನ್ನೆಷ್ಟು ವರ್ಷ ಓಡುತ್ತೆ ಮೇಸ್ತ್ರಿ?"

"ಅದು ನನಗೆ ಗೊತ್ತಿಲ್ಲ. ಇವತ್ತು ಓಡುತ್ತೆ. ಹೊರಡಿ, ಗಂಟೆ ಹೊಡೆದೀತು."

ಹಳೆಯದನ್ನು ಕಂಡೊಡನೆ ಸತ್ತಿದೆ ಎನ್ನುವುದಕ್ಕೆ ವಿದ್ಯೆ ಬೇಕಿಲ್ಲ, ಬಾಯಿ ಇದ್ದರೆ ಸಾಕು. ತಿಳಿಯದುದನ್ನು ತಿಳಿಯದು ಎನ್ನುತ್ತ, ತಿಳಿಯುವ ತನಕ ಬಿಡದೆ ಕೂರುವ ಇಂಥವರನ್ನು ನಾವು ನಿಧಾನಸ್ಥರೆಂದು ಹಾಸ್ಯಮಾಡುತ್ತೇವೆ, ಅಡ್ಡಹೆಸರಿಟ್ಟು ನಗುತ್ತೇವೆ. ಆದರೆ ನಮ್ಮ ಬದುಕು ಯಾವುದರ ಮೇಲೆ ನಿಂತಿದೆಯೋ ಬಲ್ಲವರೆಲ್ಲ ಅದನ್ನೇ ಗುಜರಿಗೆ ಬರೆದ ದಿನ, ಅವರ ಮಾತನ್ನು ಒಪ್ಪದೆ ನಮಗಾಗಿ ಇನ್ನೊಂದು ಬೆಳಗು ಕಾಯುವವರು ಇವರು ಮಾತ್ರ.