ನುಸಿ ಬಿದ್ದ ಅಕ್ಕಿ

ಕಷ್ಟಕಾಲ ಬರುತ್ತಿದೆ ಎಂದು ಟೀವಿಯಲ್ಲಿ ಹೇಳತೊಡಗಿದ ದಿನದಿಂದ ಭಾವನ ಮುಖಕ್ಕೆ ಒಂದು ಕಳೆ ಬಂದಿತ್ತು. ಆ ಮನೆಯ ಕಿರಿಸೊಸೆಗೆ ಗಂಡನ ಅಣ್ಣನ ಮೇಲೆ ಮೊದಲು ಹೇಸಿಗೆ ಹುಟ್ಟಿದ್ದು ಆ ಕಳೆಯನ್ನು ಕಂಡೇ. ವಿಮಾ ಕಚೇರಿಯ ಗುಮಾಸ್ತರಾಗಿದ್ದ ಅವರ ಮಾತನ್ನು ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಂಡವರಲ್ಲ. ಈಗ ಊಟಕ್ಕೆ ಕೂತರೆ ಸಾಕು, ಯಾವ ಕಾರ್ಖಾನೆ ಮುಚ್ಚುತ್ತದೆ, ಈ ಓಣಿಯಲ್ಲಿ ಯಾರ ಮನೆ ಮೊದಲು ಬೀದಿಗೆ ಬೀಳುತ್ತದೆ ಎಂದು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದರು. ಮಜ್ಜಿಗೆ ಬಡಿಸುವವರೂ ಸೌಟು ಹಿಡಿದುಕೊಂಡೇ ನಿಂತು ಕೇಳುತ್ತಿದ್ದರು.

ಆಮೇಲೆ ಮೂಟೆಗಳು ಬರತೊಡಗಿದವು. ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆಯ ಡಬ್ಬ, ಹಾಲಿನ ಪುಡಿ, ಸೋಪು. ಓಣಿಯಲ್ಲಿ ಜನ ಇಲ್ಲದ ಮಧ್ಯಾಹ್ನದ ಹೊತ್ತು ನೋಡಿ, ಮೇಲೆ ಹಾಸಿಗೆಯ ಚಾದರ ಹೊದಿಸಿ, ಹೆಣ ಸಾಗಿಸಿದ ಹಾಗೆ ಮೆಟ್ಟಿಲು ಹತ್ತಿಸುತ್ತಿದ್ದರು. ಇಡಲು ಜಾಗ ಬೇಕಲ್ಲ, ಅತ್ತೆಯ ಕೋಣೆ ಖಾಲಿ ಮಾಡಿಸಿದರು. ಹೆತ್ತ ತಾಯಿಯ ಮಂಚ ಹೊರಬಾಗಿಲ ಪಕ್ಕ, ಚಪ್ಪಲಿ ಗೂಡಿನ ಬುಡಕ್ಕೆ ಬಂತು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಭಾವ ಸಮಜಾಯಿಷಿ ಕೊಟ್ಟರು. ಅತ್ತೆ ತಮ್ಮ ದಿಂಬನ್ನು ಎದೆಗವುಚಿಕೊಂಡು ಬಂದು ಕೂತರು. ಕೋಣೆಗೆ ಬೀಗ ಬಿತ್ತು, ಕೀಲಿ ಭಾವನ ಜೇಬು ಸೇರಿತು.

ಕಿರಿಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಂಡ ಬಸ್ ಓಡಿಸುತ್ತಿದ್ದ. ಇದು ಸರಿಯಲ್ಲ ಎಂದು ಅವನ ಹತ್ತಿರ ಅಂದಾಗಲೆಲ್ಲ, ಅಣ್ಣ ಮಾಡುತ್ತಿರುವುದು ನಮಗೋಸ್ಕರ ತಾನೆ, ಸುಮ್ಮನಿರು ಎಂದು ಮಗ್ಗುಲು ಬದಲಿಸುತ್ತಿದ್ದ.

ಭಾವ ಹೇಳಿದ್ದು ಒಂದು ನಿಜವಾಯಿತು. ಪಂಪು ತಯಾರಿಸುವ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ಕೆಲಸಕ್ಕಿದ್ದ ಮೆಕ್ಯಾನಿಕ್ ಅವರದೇ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ. ಒಂದು ಬೆಳಗ್ಗೆ ಅವನ ಹೆಂಡತಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಮೇಲೆ ಬಂದಳು. ಒಂದು ಲೋಟ ಹಾಲಿನ ಪುಡಿ ಸಿಗುತ್ತಾ ಎಂದು ಕೇಳುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

"ಅಯ್ಯೋ, ನಮ್ಮನೇಲೇ ಇಲ್ಲಮ್ಮ," ಅಂದರು ಭಾವ. "ನಾವೂ ನಿಮ್ಮ ಹಾಗೇನೇ."

ಅವರ ಬೆನ್ನ ಹಿಂದಿನ ಗೋಡೆಯಾಚೆ ಹಾಲಿನ ಪುಡಿಯ ಡಬ್ಬಗಳು ಸೂರು ಮುಟ್ಟಿದ್ದವು. ಅಲ್ಲೇ ನಿಂತಿದ್ದ ಕಿರಿಸೊಸೆ ಕೊರಳಿನ ಅಳತೆ ಟೇಪನ್ನು ಎಳೆದು ಯಂತ್ರದ ಮೇಲೆ ಎಸೆದಳು. ಸಂಜೆ ಅವಳು ತನ್ನ ಪಾಲಿನ ಹಾಲನ್ನೇ ಕೆಳಗೆ ಕೊಟ್ಟು ಬಂದಳು.

ಆಮೇಲೆ ವಾಸನೆ ಶುರುವಾಯಿತು. ಮೊದಮೊದಲು ಒದ್ದೆ ಬಟ್ಟೆಯ ಮುಗ್ಗಲಿನ ಹಾಗೆ, ಬರಬರುತ್ತ ಸಿಹಿಸಿಹಿಯಾಗಿ, ಗಂಟಲಿಗೆ ಅಂಟಿಕೊಳ್ಳುವ ಹಾಗೆ. ಮೂಟೆಗಳ ನಡುವೆ ಎಲ್ಲೋ ಇಲಿ ಸತ್ತಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ಕೋಣೆಯ ಕಿಟಕಿ ತೆಗೆದರೆ ಎದುರು ಮನೆಯವರಿಗೆ ಮೂಟೆಗಳು ಕಾಣುತ್ತವೆ ಎಂದು ಭಾವ ಒಪ್ಪಲಿಲ್ಲ. ಮನೆಗೆ ಬಂದವರಿಗೆಲ್ಲ ಮೋರಿ ಕಟ್ಟಿದೆ ಎಂದು ಹೇಳಿದ್ದಾಯಿತು. ಅಕ್ಕ, ಅಂದರೆ ಭಾವನ ಹೆಂಡತಿ, ಮೂಗಿಗೆ ಸೆರಗು ಮುಚ್ಚಿಕೊಂಡು ಅಡಿಗೆ ಮಾಡುತ್ತಿದ್ದಳು. ಹಿಂದೆಯೇ ಕರಿನುಸಿಗಳು ಬಾಗಿಲ ಸಂದಿಯಿಂದ ಸಾಲು ಹಿಡಿದು ಹೊರಟವು. ಒಂದು ಮುಂಜಾನೆ ಅತ್ತೆ ಕಿವಿಯಿಂದ ನುಸಿಯೊಂದನ್ನು ತೆಗೆದು, ಬೆರಳ ತುದಿಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತಿದ್ದರು. ಅದೇ ದಿನ ಕಿರಿಸೊಸೆ ಗಿರಾಕಿಯೊಬ್ಬಳ ಬಿಳಿ ರವಿಕೆಯ ಮಡಿಕೆ ಬಿಚ್ಚಿದರೆ ಒಳಗೆ ಪಿತಿಪಿತಿ.

ಅವಳು ರವಿಕೆ ಬಿಸುಟು ಎದ್ದಳು. ಕತ್ತರಿಯ ಹಿಡಿಯಿಂದ ಬೀಗ ಜಜ್ಜಿ ಕೋಣೆ ತೆಗೆದಳು. ಅಕ್ಕಿ ಬಲೆ ಕಟ್ಟಿ ಗಂಟುಗಂಟಾಗಿತ್ತು. ಕೆಳಗಿನ ಮೂಟೆಗೆ ಇಲಿ ಚಪ್ಪಟೆಯಾಗಿ ಅಂಟಿಕೊಂಡಿತ್ತು, ಅದರ ರಸ ಗೋಣಿಯಿಂದ ಇಳಿದು ಅಕ್ಕಿಗೆ ಹಿಡಿದಿತ್ತು. ಬಚ್ಚಲಿಗೆ ಓಡಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು.

ಆಶ್ಚರ್ಯವೆಂದರೆ ಭಾವ ಬೈಯಲಿಲ್ಲ. ಕೆಟ್ಟದ್ದನ್ನೆಲ್ಲ ಕಸದ ಗಾಡಿಗೆ ಹಾಕಿಸುತ್ತೇನೆ ಅಂದರು. ಮರುದಿನ ಅವಳು ಬಟ್ಟೆ ತಲುಪಿಸಿ ಬರುವಷ್ಟರಲ್ಲಿ ಕೋಣೆ ಗುಡಿಸಿ ಸಾರಿಸಿದ ಹಾಗಿತ್ತು. ಆ ವಾರವೇ ಅವರು ಮೆಲ್ಲಗೆ ಬಂದು, ಕೆಲಸ ಕಳೆದುಕೊಂಡವರಿಗೆ ಹೊಸ ಅಕ್ಕಿ ತರಿಸಿ ಹಂಚುತ್ತಿದ್ದೇನೆ, ಉಳಿದ ತುಂಡುಬಟ್ಟೆಯಲ್ಲಿ ಚೀಲ ಹೊಲಿದುಕೊಡು ಎಂದು ಕೇಳಿದರು. ಮನುಷ್ಯನಿಗೆ ಬುದ್ಧಿ ಬಂತಲ್ಲ ಎಂದು ಅವಳ ಕಣ್ಣು ತುಂಬಿತು. ಬಾಯಿಗೆ ಲಾಡಿ ಹಾಕಿ, ಅಂಚಿಗೆ ಎರಡೆರಡು ಸಾಲು ಹೊಲಿಗೆ ಓಡಿಸಿ, ಕೂಸಿಗೆ ಅಂಗಿ ಹೊಲಿಯುವಷ್ಟು ಅಕ್ಕರೆಯಿಂದ ಹೊಲಿದಳು.

ಹಂಚುವ ದಿನ ಶಾಲೆಯ ಜಗಲಿಯಲ್ಲಿ ಜನ ಸೇರಿದ್ದರು. ಭಾವ ಒಬ್ಬೊಬ್ಬರ ಕೈಗೂ ಚೀಲ ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದುಕೊಳ್ಳುತ್ತಿದ್ದರು, ಫೋಟೊ ತೆಗೆಯಲಿ ಎಂದು. ಮೆಕ್ಯಾನಿಕ್‌ನ ಹೆಂಡತಿ ಚೀಲ ತೆಗೆದುಕೊಂಡು ಕಿರಿಸೊಸೆಯ ಪಕ್ಕಕ್ಕೆ ಬಂದು ನಿಂತಳು. ಚೀಲದ ಅಂಚಿನ ಹೊಲಿಗೆಯ ಮೇಲೆ ಕರಿನುಸಿಯೊಂದು ನಿಧಾನವಾಗಿ ನಡೆಯುತ್ತಿತ್ತು. ಕಿರಿಸೊಸೆ ಲಾಡಿ ಎಳೆದು ಒಳಗೆ ಮೂಗಿಟ್ಟಳು. ಅದೇ ಸಿಹಿ ನಾತ. ಕೋಣೆಯ ಅಕ್ಕಿಯನ್ನೇ ಜರಡಿ ಹಿಡಿದು, ಒಣಗಿಸಿ, ತುಂಬಿದ್ದರು. ಆ ಘಳಿಗೆಗೆ ಅವಳ ಮನಸ್ಸಿನಲ್ಲಿ ಭಾವ ತಮ್ಮ ಬಹುವಚನ ಕಳೆದುಕೊಂಡರು.

"ಯಾರೂ ಇದನ್ನ ಬೇಯಿಸಬೇಡಿ," ಅಂದಳು. ಗಟ್ಟಿಯಾಗಿಯೇ ಅಂದಳು. "ಇಲಿ ಕೊಳೆತ ಅಕ್ಕಿ ಇದು. ನಾನೇ ಕಣ್ಣಾರೆ ನೋಡಿದೀನಿ."

ಭಾವ ಹಲ್ಲು ಕಿರಿದ. ಹೊಲಿಗೆ ಕೆಲಸ ಜಾಸ್ತಿಯಾಗಿ ಇವಳ ತಲೆ ಸ್ವಲ್ಪ ಕೆಟ್ಟಿದೆ ಎಂದು ಫೋಟೊದವನಿಗೆ ವಿವರಿಸಿದ. ಫೋಟೊದವನು ಹೌದೌದು ಎಂದು ತಲೆಯಾಡಿಸಿದ. ಚೀಲ ಮಾತ್ರ ಯಾರೂ ವಾಪಸು ಕೊಡಲಿಲ್ಲ.

"ನೀವು ಹೇಳಬೇಕಾ?" ಮೆಕ್ಯಾನಿಕ್‌ನ ಹೆಂಡತಿ ತಗ್ಗಿದ ದನಿಯಲ್ಲಿ ಅಂದಳು. "ಆ ನಾತ ಮೊದಲು ಬಂದಿದ್ದೇ ಕೆಳಗೆ, ನಮ್ಮ ಕೋಣೆಗೆ. ತಗೊಳ್ಳಲ್ಲ ಅಂದ್ರೆ ಇವರಿಗೆ ಸೊಕ್ಕು ಅಂತಾರೆ, ನಾಳೆ ಮನೆ ಖಾಲಿ ಮಾಡಿ ಅಂತಾರೆ. ಅದಕ್ಕೇ ಈಸ್ಕೊಂಡೆ. ಹೋಗ್ತಾ ತಿಪ್ಪೆಗೆ ಸುರೀತೀನಿ."

ಕಿರಿಸೊಸೆ ತಾನು ಎರಡೆರಡು ಸಾಲು ಹೊಲಿದ ಚೀಲಗಳು ಜಗಲಿ ಇಳಿದು ಹೋಗುವುದನ್ನು ನೋಡುತ್ತ ನಿಂತಳು.

ಮನೆಯಲ್ಲಿ ರಂಪವಾಯಿತು. ಭಾವ ಕೂಗಾಡಿದ, ಮಾನ ಹೋಯಿತು ಅಂದ, ಉಂಡ ಮನೆಗೆ ದ್ರೋಹ ಅಂದ. ಗಂಡ ಚಪ್ಪಲಿ ನೋಡುತ್ತ ನಿಂತಿದ್ದ. ಆಗ ಅತ್ತೆ ಎದ್ದು, ದಿಂಬು ಚಾದರ ಸುತ್ತಿಕೊಂಡು, ಕಿರಿಸೊಸೆಯ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಪಕ್ಕ ಹಾಸಿಕೊಂಡರು.

"ಇನ್ಮೇಲೆ ನನ್ನ ಊಟ ಇವಳ ಹತ್ರ," ಅಂದರು ಹಿರಿಮಗನಿಗೆ. "ನಿನ್ನ ಕೈ ನೋಡಿದ್ರೆ ನಂಗೆ ಊಟ ಸೇರಲ್ಲ."

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದವು. ಟೀವಿಯವರು ಹೆದರಿಸಿದಷ್ಟು ಕಷ್ಟಕಾಲ ಬರಲಿಲ್ಲ. ಕಾರ್ಖಾನೆ ಅರ್ಧ ಜನರನ್ನಿಟ್ಟುಕೊಂಡು ಮತ್ತೆ ಬಾಗಿಲು ತೆಗೆಯಿತು. ಮೆಕ್ಯಾನಿಕ್ ಕೆಲಸ ಸಿಗದ ಉಳಿದರ್ಧದಲ್ಲಿದ್ದ, ಸಂಸಾರ ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋದ. ನಾನು ಮೊದಲೇ ಹೇಳಿರಲಿಲ್ಲವಾ ಎಂದು ಭಾವ ಈಗಲೂ ಅನ್ನುತ್ತಾನೆ, ಯಾವುದನ್ನು ಎಂದು ಯಾರೂ ಕೇಳುವುದಿಲ್ಲ.

ಗಂಡ ಸುಮಾರು ದಿನ ಅಣ್ಣನ ಒಲೆಯದನ್ನೇ ಉಂಡ. ಒಂದು ಸಂಜೆ ಕೆಲಸ ಮುಗಿಸಿ ಬಂದವನು ಕೈಕಾಲು ತೊಳೆದು, ತಾನೇ ತಟ್ಟೆ ತೆಗೆದುಕೊಂಡು ಹೆಂಡತಿಯ ಒಲೆಯ ಮುಂದೆ ಬಂದು ಕೂತ. ಅವಳು ಬಡಿಸಿದಳು. ಅವನ ಮುಖ ಮಾತ್ರ ನೋಡಲಿಲ್ಲ.